ಅದರಂತೆಯೇ ಇನ್ನೊಂದು

1801ರ ಜನವರಿಯಲ್ಲಿ ಬೀಥೋವನ್ ತನ್ನ ಪ್ರಕಾಶಕ ಹೋಫ್‌ಮೈಸ್ಟರನಿಗೆ ಬರೆದ ಒಂದು ಕಾಗದದಲ್ಲಿ ದರಪಟ್ಟಿ ಇದೆ. ಸೆಪ್ಟೆಟ್‌ಗೆ 20 ಡುಕಾಟ್, ಸಿಂಫನಿಗೆ 20, ಪಿಯಾನೊ ಕನ್ಚೆರ್ಟೊಗೆ 10, ದೊಡ್ಡ ಪಿಯಾನೊ ಸೊನಾಟಾಗೆ 20. ಸಿಂಫನಿಗೂ ಸೊನಾಟಾಗೂ ಒಂದೇ ಬೆಲೆಯೇ ಎಂದು ನೀವು ಆಶ್ಚರ್ಯಪಟ್ಟೀರಿ ಎಂದು ಅವನೇ ವಿವರಣೆಯನ್ನೂ ಕೊಡುತ್ತಾನೆ: ಸೊನಾಟಾ ಖರ್ಚಾದಷ್ಟು ಸೆಪ್ಟೆಟ್ಟಾಗಲಿ ಸಿಂಫನಿಯಾಗಲಿ ಖರ್ಚಾಗುವುದಿಲ್ಲ, ಹಾಗಾಗಿ ಈ ಲೆಕ್ಕ. ಲೋಕಕ್ಕೆಲ್ಲ ಒಂದೇ ಒಂದು ಕಲೆಯ ಉಗ್ರಾಣ ಇರಬೇಕಿತ್ತು, ಕಲಾವಿದ ತನ್ನ ಕೃತಿಯನ್ನು ಅಲ್ಲಿ ಒಪ್ಪಿಸಿ ತನಗೆ ಬೇಕಾದ್ದನ್ನು ಒಯ್ಯುವಂತಿರಬೇಕಿತ್ತು ಎಂಬ ಹಂಬಲವೂ ಅದೇ ಕಾಗದದಲ್ಲಿದೆ. ಈ ವ್ಯವಹಾರವನ್ನೆಲ್ಲ ಅವನು ಕರೆಯುವುದು ಹುಳಿ ಕೆಲಸ ಎಂದು. ಎಸ್ಟಿಮೇಟ್ ಕಳಿಸಿ, ಅದಕ್ಕೊಂದು ಸಮರ್ಥನೆ ಕಳಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಬೀಥೋವನ್ ಇಷ್ಟು ಹತ್ತಿರದವನು ಅನ್ನಿಸಿದ್ದು ಈ ಕಾಗದವನ್ನು ಓದಿದಾಗಲೇ.

ಆ 20 ಡುಕಾಟ್‌ನ ಸೆಪ್ಟೆಟ್ ಮುಂದೆ ಅವನ ಬದುಕಿನ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಒಂದಾಯಿತು. ಅವನು ಅದನ್ನು ಸಹಿಸದ ಹಂತಕ್ಕೂ ಬಂದ. ಇಪ್ಪತ್ತನಾಲ್ಕು ವರ್ಷಗಳ ನಂತರ ಅದೇ ಊರಿನಲ್ಲಿ ಒಬ್ಬ ಶ್ರೀಮಂತ, ಬೇರೊಬ್ಬ ಸಂಯೋಜಕನ ಬಳಿ ಹೋಗಿ, ನನಗೆ ಅದರಂತೆಯೇ ಇನ್ನೊಂದು ಬೇಕು ಎಂದ. ಈ ಲೇಖನ ಆ ಎರಡು ಕೃತಿಗಳ ಕಥೆ.

ಮೊದಲೇ ಹೇಳಿಬಿಡುತ್ತೇನೆ, ಪಾಶ್ಚಾತ್ಯ ಸಂಗೀತದಲ್ಲಿ ನನಗೆ ಪಾಠವಾಗಿಲ್ಲ. ತುಮಕೂರಿನ ಮನೆಯಲ್ಲಿ ಬೆಳಗಾದರೆ ಆಕಾಶವಾಣಿಯ ಕರ್ನಾಟಕ ಸಂಗೀತ, ಎಂಟೆಕ್ ಓದುವಾಗ ಹಾಸ್ಟೆಲ್ ಗೆಳೆಯನ ಕ್ಯಾಸೆಟ್‌ಗಳು, ಪುಣೆಗೆ ಬಂದ ಮೇಲೆ ರಾತ್ರಿ ಪಾಳಿಯ ಕರೆಗಳ ನಡುವೆ ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನು. ಕೇಳಿ ಕೇಳಿ, ಅದರ ಹಿಂದಿನ ಚರಿತ್ರೆಯನ್ನು ಓದಿ ಕಲಿತದ್ದಷ್ಟೇ ನನ್ನ ಬಂಡವಾಳ.

ಚೇಂಬರ್ ಮ್ಯೂಸಿಕ್ ಎಂದರೆ ಕೋಣೆಯ ಸಂಗೀತ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಮುಂದೆ ನಿಂತು ಕೈಯಾಡಿಸುವ ನಿರ್ದೇಶಕನಿಲ್ಲ. ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್ ಇದರ ಪ್ರಸಿದ್ಧ ರೂಪ. ಅದೇ ಕೋಣೆಗೆ ಕ್ಲಾರಿನೆಟ್, ಹಾರ್ನ್, ಬಸೂನ್‌ಗಳನ್ನು ತಂದು ಕೂರಿಸುವುದು ಹದಿನೆಂಟನೆಯ ಶತಮಾನದಲ್ಲಿ ಅಷ್ಟು ಸಹಜವಾದ ಕೆಲಸವಾಗಿರಲಿಲ್ಲ. ನಮ್ಮಲ್ಲಿ ಓಲಗ ಚಪ್ಪರದಲ್ಲಿ, ವೀಣೆ ನಡುಮನೆಯಲ್ಲಿ ಎಂದಿರಲಿಲ್ಲವೇ, ವಿಯೆನ್ನಾದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಗಾಳಿವಾದ್ಯಗಳ ಮೇಳ ಉದ್ಯಾನಕ್ಕೆ, ಮೆರವಣಿಗೆಗೆ, ಊಟದ ಹೊತ್ತಿಗೆ. 1782ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ತನ್ನ ಆಸ್ಥಾನಕ್ಕೆ ಎಂಟು ಜನರ ಇಂಥದೊಂದು ಮೇಳವನ್ನು ಕಟ್ಟಿಸಿದ: ಓಬೊ, ಕ್ಲಾರಿನೆಟ್, ಹಾರ್ನ್, ಬಸೂನ್, ಎಲ್ಲವೂ ಜೋಡಿ ಜೋಡಿ. ಸುತ್ತಲಿನ ಶ್ರೀಮಂತರೆಲ್ಲ ಅದನ್ನೇ ನೋಡಿ ತಮ್ಮ ಮನೆಗೂ ಒಂದೊಂದು ಮೇಳ ಇಟ್ಟುಕೊಂಡರು. ಮೊಜಾರ್ಟ್‌ನ ‘ಡಾನ್ ಜಿಯೊವಾನಿ’ ಒಪೆರಾದ ಕೊನೆಯ ಊಟದ ದೃಶ್ಯದಲ್ಲಿ ವೇದಿಕೆಯ ಮೇಲೆ ನುಡಿಸುವುದು ಇಂಥ ಮೇಳವೇ. ಅಂದಿನ ಜನಪ್ರಿಯ ಒಪೆರಾಗಳ ಧಾಟಿಗಳನ್ನು ನುಡಿಸುತ್ತ ನುಡಿಸುತ್ತ ಅದು ಮೊಜಾರ್ಟ್‌ನ ಸ್ವಂತ ‘ಫಿಗರೊ’ದ ಹಾಡಿಗೂ ಬರುತ್ತದೆ. ಯಜಮಾನ ಊಟ ಮಾಡುತ್ತಿರುತ್ತಾನೆ, ಅಷ್ಟೇ.

ತಂತಿ ಮತ್ತು ಗಾಳಿ ಒಟ್ಟಿಗೆ ಕೂತರೆ ತಾಂತ್ರಿಕ ತಾಪತ್ರಯಗಳೂ ಇದ್ದವು. ಪಿಟೀಲಿನವನು ಬೆರಳನ್ನು ಕೂದಲೆಳೆಯಷ್ಟು ಸರಿಸಿ ಶ್ರುತಿ ಹೊಂದಿಸಿಕೊಳ್ಳಬಲ್ಲ. ಕ್ಲಾರಿನೆಟ್ಟಿಗೆ ರಂಧ್ರ ಕೊರೆದ ಜಾಗ ಕೊರೆದದ್ದೇ, ತುಟಿಯಿಂದ ಆಗುವಷ್ಟು ತಿದ್ದಬೇಕು. ಹಾರ್ನ್‌ನದಂತೂ ಇನ್ನೂ ಪಜೀತಿ. ವಾಲ್ವ್ ಎಂಬುದು 1810ರ ದಶಕದ ಆವಿಷ್ಕಾರ, ಬಳಕೆಗೆ ಬಂದದ್ದು ಇನ್ನೂ ನಿಧಾನವಾಗಿ. ಅದಕ್ಕೂ ಮೊದಲಿನ ಹಾರ್ನ್ ಎಂದರೆ ಸುರುಳಿ ಸುತ್ತಿದ ಒಂದು ಕೊಳವೆ. ಅದರ ಉದ್ದಕ್ಕೆ ತಕ್ಕ ಕೆಲವು ಸ್ವರಗಳು ಮಾತ್ರ ಸಲೀಸಾಗಿ ಬರುತ್ತವೆ, ಉಳಿದವನ್ನು ವಾದಕ ಬಲಗೈಯನ್ನು ಕಹಳೆಯ ಬಾಯಿಯೊಳಗೆ ತೂರಿಸಿ, ಮುಚ್ಚಿ, ತೆರೆದು ಹುಟ್ಟಿಸಬೇಕು. ಹಾಗೆ ಬಂದ ಸ್ವರದ ಬಣ್ಣವೇ ಬೇರೆ, ಗಂಟಲು ಕಟ್ಟಿದಂತೆ. ಯಾವ ಶ್ರುತಿಯಲ್ಲಿ ಬರೆಯಬೇಕು ಎಂಬುದನ್ನು ಎಷ್ಟೋ ಸಲ ಸಂಯೋಜಕನ ಮನಸ್ಸಿಗಿಂತ ಮೊದಲು ಹಾರ್ನ್‌ನ ಕೊಳವೆಯೇ ತೀರ್ಮಾನಿಸುತ್ತಿತ್ತು.

ಇಷ್ಟಾದರೂ ಬೆರಕೆ ನಡೆಯಿತು. ನಡೆದದ್ದು ಬಹುಪಾಲು ವ್ಯಕ್ತಿಗಳಿಂದ. ಮೊಜಾರ್ಟ್ ಓಬೊ ಮತ್ತು ಮೂರು ತಂತಿಗಳಿಗೆ ಕ್ವಾರ್ಟೆಟ್ ಬರೆದದ್ದು ಫ್ರೀಡ್ರಿಕ್ ರಾಮ್ ಎಂಬ ಓಬೊ ವಾದಕನಿಗಾಗಿ. ಹಾರ್ನ್ ಕ್ವಿಂಟೆಟ್ ಬರೆದದ್ದು ಲಾಯ್ಟ್‌ಗೆಬ್ ಎಂಬ ಗೆಳೆಯನಿಗಾಗಿ. 1789ರ ಸೆಪ್ಟೆಂಬರ್ 29ರಂದು ಮುಗಿಸಿದ ಕ್ಲಾರಿನೆಟ್ ಕ್ವಿಂಟೆಟ್ ಆಂಟನ್ ಸ್ಟಾಡ್ಲರ್‌ಗಾಗಿ. ಕ್ಲಾರಿನೆಟ್ ನಮಗೇನೂ ಅಪರಿಚಿತವಲ್ಲ, ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಕೇಳಿದ್ದೇವೆ, ಎ.ಕೆ.ಸಿ. ನಟರಾಜನ್ ಅದರಲ್ಲಿ ಕಛೇರಿಯನ್ನೇ ಮಾಡಿದರು. ಆದರೆ 1789ರಲ್ಲಿ ಅದು ವಿಯೆನ್ನಾದವರಿಗೆ ಹೊಸದೆನ್ನಬಹುದಾದ ವಾದ್ಯ. ಸ್ಟಾಡ್ಲರ್‌ಗೆ ಅದರ ಕೆಳಗಿನ ಸ್ಥಾಯಿಯ ಮೇಲೆ ಮೋಹ. ಮಾಮೂಲಿಗಿಂತ ಇನ್ನೂ ಕೆಳಗೆ ಇಳಿಯುವ ಉದ್ದನೆಯ ಕ್ಲಾರಿನೆಟ್ಟನ್ನು ಅವನು ನುಡಿಸುತ್ತಿದ್ದ. ಮೊಜಾರ್ಟ್ ಬರೆದದ್ದು ಆ ವಾದ್ಯಕ್ಕೆ. ಮೊಜಾರ್ಟ್ ತೀರಿಕೊಂಡಾಗ ಬರಬೇಕಾದ ಸಾಲಗಳ ಪಟ್ಟಿಯಲ್ಲಿ ಸ್ಟಾಡ್ಲರ್‌ನ ಹೆಸರಿನಲ್ಲಿ 500 ಗುಲ್ಡನ್ ಇತ್ತು, ವಸೂಲಾಗದ್ದು ಎಂಬ ಷರಾದೊಂದಿಗೆ. ಕ್ವಿಂಟೆಟ್‌ನ ಮೂಲ ಹಸ್ತಪ್ರತಿ ಕಳೆದುಹೋಗಿದೆ. ಸ್ಟಾಡ್ಲರ್‌ನನ್ನು ಬೈಯಲು ನನಗೆ ಯಾಕೋ ಮನಸ್ಸು ಬರುವುದಿಲ್ಲ. ಅವನು ಇರದಿದ್ದರೆ ಆ ಕೃತಿಯೂ ಇರುತ್ತಿರಲಿಲ್ಲ.

ಈಗ ಬೀಥೋವನ್. 1800ರ ಏಪ್ರಿಲ್ 2ರಂದು ವಿಯೆನ್ನಾದ ಆಸ್ಥಾನ ರಂಗಮಂದಿರದಲ್ಲಿ ಅವನು ತನ್ನ ಲಾಭಕ್ಕಾಗಿ ಮೊದಲ ದೊಡ್ಡ ಕಛೇರಿ ಏರ್ಪಡಿಸಿದ. ವಯಸ್ಸು ಇಪ್ಪತ್ತೊಂಬತ್ತು. ಟಿಕೆಟ್ ಬೇಕಾದವರು ರಂಗಮಂದಿರಕ್ಕೆ ಹೋಗಬಹುದು, ಇಲ್ಲವೇ ಅವನು ಬಾಡಿಗೆಗಿದ್ದ ಮೂರನೆಯ ಮಹಡಿಯ ಮನೆಗೇ ಬರಬಹುದು ಎಂದು ಭಿತ್ತಿಪತ್ರದಲ್ಲಿ ಅಚ್ಚಾಗಿತ್ತು. ಆ ರಾತ್ರಿ ಅವನ ಮೊದಲ ಸಿಂಫನಿಯೂ ಸೆಪ್ಟೆಟ್ಟೂ ಒಟ್ಟಿಗೆ ಸಾರ್ವಜನಿಕರ ಮುಂದೆ ಬಂದವು. ಸೆಪ್ಟೆಟ್‌ನಲ್ಲಿ ಪಿಟೀಲು ಹಿಡಿದಿದ್ದವನು ಇಗ್ನಾಟ್ಸ್ ಶುಪ್ಪಾನ್‌ಸಿಗ್. ದಪ್ಪ ಆಳು, ಬೀಥೋವನ್ ಅವನನ್ನು ಷೇಕ್ಸ್‌ಪಿಯರ್‌ನ ಫಾಲ್‌ಸ್ಟಾಫ್ ಎಂದು ಕರೆಯುತ್ತಿದ್ದ, ಮರುವರ್ಷ ಅವನ ಹೊಟ್ಟೆಯ ಮೇಲೆ ಒಂದು ತಮಾಷೆಯ ಹಾಡನ್ನೂ ಕಟ್ಟಿದ. ಈ ಮನುಷ್ಯನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

ಸೆಪ್ಟೆಟ್ ಎಂದರೆ ಏಳು ವಾದ್ಯ. ಕ್ಲಾರಿನೆಟ್, ಬಸೂನ್, ಹಾರ್ನ್, ಪಿಟೀಲು, ವಯೋಲಾ, ಚೆಲ್ಲೊ, ಡಬಲ್ ಬಾಸ್. ಯಾವುದಕ್ಕೂ ಜೊತೆಯಿಲ್ಲ. ಹಳೆಯ ಊಟದ ಮೇಳದ ಜೋಡಿಗಳು ಇಲ್ಲಿ ಒಡೆದುಹೋಗಿವೆ, ಕ್ವಾರ್ಟೆಟ್‌ನಲ್ಲಿ ಇರಲೇಬೇಕಾದ ಎರಡನೆಯ ಪಿಟೀಲು ಕೂಡ ಇಲ್ಲ. ಪ್ರತಿಯೊಬ್ಬನೂ ಒಂಟಿ, ಯಾರನ್ನು ತೆಗೆದರೂ ಹಲ್ಲು ಉದುರಿದಂತೆ ಕಾಣುತ್ತದೆ. ಇದರಲ್ಲಿ ಎಲ್ಲ ಸಾಲುಗಳೂ ಅನಿವಾರ್ಯ, ನಾನು ಹುಟ್ಟುವಾಗಲೇ ಹಾಗೆ ಹುಟ್ಟಿದವನು ಎಂಬ ಅರ್ಥದ ತಮಾಷೆಯನ್ನು ಬೀಥೋವನ್ ಪ್ರಕಾಶಕನಿಗೆ ಬರೆದ. ಬರೆದವನೇ, ಬೇಕಾದರೆ ಗಾಳಿವಾದ್ಯಗಳ ಬದಲು ತಂತಿವಾದ್ಯಗಳಿಗೆ ಹೊಂದಿಸಿ ಮಾರಬಹುದು ಎಂಬ ಸಲಹೆಯನ್ನೂ ಕೊಟ್ಟ. ಅನಿವಾರ್ಯ ಎಂದದ್ದು ಕಲಾವಿದ, ಹೊಂದಿಸಿ ಎಂದದ್ದು ಬಾಡಿಗೆ ಕಟ್ಟಬೇಕಾದವನು.

ಕೃತಿಯ ಒಟ್ಟು ಮೈಕಟ್ಟು ಮಾತ್ರ ಹಳೆಯದೇ. ಸಂಜೆಯ ಕೂಟಕ್ಕೆ ನುಡಿಸುವ ಸೆರೆನೇಡ್‌ಗಳಂತೆ ಆರು ಭಾಗ, ಸುಮಾರು ನಲವತ್ತು ನಿಮಿಷ. ನಿಧಾನದ ಪೀಠಿಕೆಯ ನಂತರ ಚುರುಕಾದ ಮೊದಲ ಭಾಗ. ಕ್ಲಾರಿನೆಟ್ ಹಾಡಿ ಪಿಟೀಲಿಗೆ ದಾಟಿಸುವ ಎರಡನೆಯ ಭಾಗ. ಆಮೇಲೆ ಮಿನುಯೆಟ್ ನೃತ್ಯ, ಒಂದು ಧಾಟಿಯನ್ನು ಬಗೆಬಗೆಯಾಗಿ ಬೆಳೆಸುವ ವೇರಿಯೇಷನ್, ಕುಣಿದಾಡುವ ಸ್ಕೆರ್ಜೊ. ಕೊನೆಯ ಭಾಗಕ್ಕೆ ಮುನ್ನ ಶೋಕದ ನಡಿಗೆಯಂಥ ಕೆಲವು ಸಾಲು ಬಂದು, ಈಗೇನೋ ಆಗಲಿದೆ ಎಂದು ನಾವು ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಲವಲವಿಕೆಯ ಓಟ ಶುರುವಾಗುತ್ತದೆ. ಪಿಟೀಲಿಗೆ ಅಲ್ಲಿ ಒಂಟಿಯಾಗಿ ಮೆರೆಯುವ ಜಾಗವೂ ಇದೆ. ಶುಪ್ಪಾನ್‌ಸಿಗ್‌ಗೆ ಚಪ್ಪಾಳೆ ಗ್ಯಾರಂಟಿ.

ಜನ ಮುಗಿಬಿದ್ದರು. 1802ರಲ್ಲಿ ಅಚ್ಚಾಯಿತು. ಪಿಯಾನೊಗೆ, ಚಿಕ್ಕ ಮೇಳಕ್ಕೆ, ದೊಡ್ಡ ಮೇಳಕ್ಕೆ, ಕೈಗೆ ಸಿಕ್ಕ ವಾದ್ಯಗಳಿಗೆಲ್ಲ ಅದನ್ನು ಹೊಂದಿಸಿದರು. ಬೀಥೋವನ್ನೇ ತನ್ನ ವೈದ್ಯ ಡಾಕ್ಟರ್ ಶ್ಮಿಟ್‌ಗಾಗಿ ಅದನ್ನು ಪಿಯಾನೊ, ಕ್ಲಾರಿನೆಟ್, ಚೆಲ್ಲೊ ಮೂವರಿಗೆ ಇಳಿಸಿ ಬರೆದ. ಆ ಹೊತ್ತಿಗೆ ಕಿವಿ ಹೋಗುತ್ತಿತ್ತು, ಬರೆಯುತ್ತಿದ್ದ ಸಂಗೀತ ಬೇರೆಯಾಗಿತ್ತು. ‘ಎರೊಯಿಕಾ’ ಬಂತು, ಐದನೆಯ ಸಿಂಫನಿ ಬಂತು. ಜನ ಮಾತ್ರ ಸೆಪ್ಟೆಟ್ ಕೇಳುತ್ತಲೇ ಇದ್ದರು. ಆ ಹೊಗಳಿಕೆ ಕಿವಿಗೆ ಬಿದ್ದರೆ ಅವನಿಗೆ ಕೋಪ ಬರುತ್ತಿತ್ತು ಎಂದು ಶಿಷ್ಯ ಚೆರ್ನಿ ದಾಖಲಿಸಿದ್ದಾನೆ. ಈ ಕೋಪವನ್ನು ಅಹಂಕಾರ ಎನ್ನುವವರಿದ್ದಾರೆ. ನನಗೆ ಅದು ಅರ್ಥವಾಗುತ್ತದೆ. ಹತ್ತು ವರ್ಷದ ಹಿಂದೆ ಮಾಡಿದ್ದನ್ನೇ ಹಿಡಿದು ಹೊಗಳುವವರ ಕಣ್ಣಿಗೆ, ಆಮೇಲೆ ಪಟ್ಟ ಪಾಡೆಲ್ಲ ಬಿದ್ದೇ ಇಲ್ಲವಲ್ಲ ಎಂಬ ಸಂಕಟ ಅದು.

ನಡುವೆ ಒಂದು ಸ್ವಾರಸ್ಯವಾದ ವ್ಯವಹಾರವನ್ನು ಹೇಳದೆ ಮುಂದೆ ಹೋಗಲಾರೆ. ಯೋಹಾನ್ ಟೋಸ್ಟ್ ಎಂಬವನು ಹಿಂದೆ ಹೈಡನ್‌ನ ಕೈಕೆಳಗೆ ಎಸ್ತರ್‌ಹಾಜಿ ವಾದ್ಯವೃಂದದಲ್ಲಿ ಪಿಟೀಲು ನುಡಿಸಿ, ಆಮೇಲೆ ಬಟ್ಟೆಯ ವ್ಯಾಪಾರಕ್ಕಿಳಿದು ದುಡ್ಡು ಮಾಡಿದವನು. ಲೂಯಿ ಸ್ಪೋರ್ ಎಂಬ ಸಂಯೋಜಕ ವಿಯೆನ್ನಾಕ್ಕೆ ಬಂದಾಗ ಟೋಸ್ಟ್ ಅವನೊಂದಿಗೆ ಒಂದು ಕರಾರು ಮಾಡಿಕೊಂಡ. ಸ್ಪೋರ್ ವಿಯೆನ್ನಾದಲ್ಲಿ ಬರೆಯುವ ಚೇಂಬರ್ ಕೃತಿಗಳ ಹಸ್ತಪ್ರತಿ ಮೂರು ವರ್ಷ ಟೋಸ್ಟ್‌ನ ವಶದಲ್ಲಿ. ಯಾರಾದರೂ ನುಡಿಸಬೇಕೆಂದರೆ ಅವನಿಂದಲೇ ತರಿಸಿಕೊಳ್ಳಬೇಕು, ಅವನ ಸಮ್ಮುಖದಲ್ಲೇ ನುಡಿಸಬೇಕು. ಇದೇಕೆ ಎಂದರೆ, ಕಡತ ಹಿಡಿದು ದೊಡ್ಡವರ ಮನೆಯ ಸಂಗೀತಕೂಟಗಳಿಗೆ ಪ್ರವೇಶ ಸಿಗುತ್ತದೆ, ಅಲ್ಲಿ ವ್ಯಾಪಾರಕ್ಕೆ ಬೇಕಾದ ಪರಿಚಯಗಳಾಗುತ್ತವೆ. ಸ್ಪೋರ್ ತನ್ನ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಈ ಕರಾರಿನಿಂದ ಹುಟ್ಟಿದ್ದು 1813ರ ನೊನೆಟ್: ಐದು ಗಾಳಿವಾದ್ಯ, ನಾಲ್ಕು ತಂತಿವಾದ್ಯ, ಒಟ್ಟು ಒಂಬತ್ತು. ಇಂಪಾದ ಕೃತಿ. ಒಂಬತ್ತು ಜನರಿಗೂ ಕೆಲಸ ಸಮನಾಗಿ ಹಂಚಿದ್ದಾನೆ, ಮ್ಯಾನೇಜರಿಕೆ ಮಾಡುವ ನನಗೆ ಹೊಟ್ಟೆಕಿಚ್ಚಾಗುವಷ್ಟು.

1824ಕ್ಕೆ ಬರೋಣ. ಕೌಂಟ್ ಫರ್ಡಿನಾಂಡ್ ಟ್ರೋಯರ್, ಬೀಥೋವನ್‌ನ ಶಿಷ್ಯನೂ ಆಶ್ರಯದಾತನೂ ಆದ ಆರ್ಚ್‌ಡ್ಯೂಕ್ ರುಡಾಲ್ಫ್‌ನ ಮನೆವಾರ್ತೆಯ ಮುಖ್ಯಸ್ಥ. ಹವ್ಯಾಸಿ ಕ್ಲಾರಿನೆಟ್ ವಾದಕ, ಆದರೆ ಕೈ ಪಳಗಿದವನು. ಅವನಿಗೆ ಸೆಪ್ಟೆಟ್ ಪ್ರಾಣ. ಬೀಥೋವನ್‌ನನ್ನು ಇನ್ನೊಂದು ಬರೆಯಿರಿ ಎಂದು ಕೇಳುವ ಕಾಲ ಎಂದೋ ಕಳೆದಿತ್ತು. ಅವನು ಒಂಬತ್ತನೆಯ ಸಿಂಫನಿ ಮುಗಿಸಿ ಅದರ ಮೊದಲ ಪ್ರಯೋಗದ ಸಿದ್ಧತೆಯಲ್ಲಿದ್ದ. ಟ್ರೋಯರ್ ಹೋದದ್ದು ಫ್ರಾನ್ಸ್ ಶೂಬರ್ಟ್ ಬಳಿಗೆ.

ಶೂಬರ್ಟ್‌ಗೆ ಆಗ ಇಪ್ಪತ್ತೇಳು ತುಂಬುತ್ತಿತ್ತು. ಹಿಂದಿನ ವರ್ಷ ಸಿಫಿಲಿಸ್ ಅವನನ್ನು ಹಣ್ಣು ಮಾಡಿತ್ತು. ತಲೆಗೂದಲು ಉದುರಿ ವಿಗ್ ಹಾಕಿಕೊಳ್ಳಬೇಕಾಗಿ ಬಂದಿತ್ತು. ಒಪೆರಾ ಬರೆದು ಹೆಸರು ಮಾಡುವ ಕನಸು ಕೈಗೂಡಿರಲಿಲ್ಲ. ಆ ಫೆಬ್ರವರಿಯಲ್ಲಿ ಅವನು ಆಕ್ಟೆಟ್ ಬರೆಯಲು ಕೂತ. ಹಗಲಲ್ಲಿ ಅವನ ಕೋಣೆಗೆ ಹೋದರೆ, ಹೇಗಿದ್ದೀಯ ಎಂದು ಒಂದು ಮಾತು ಕೇಳಿ ಮತ್ತೆ ಬರೆಯುತ್ತಾನೆ, ನಾವು ಎದ್ದು ಬರಬೇಕು ಎಂದು ಚಿತ್ರಕಾರ ಗೆಳೆಯ ಶ್ವಿಂಡ್ ಬರೆದಿದ್ದಾನೆ. ಮಾರ್ಚ್ 1ಕ್ಕೆ ಕೃತಿ ಮುಗಿಯಿತು. ಅದೇ ಮಾರ್ಚ್ 31ರಂದು ರೋಮ್‌ನಲ್ಲಿದ್ದ ಗೆಳೆಯ ಕೂಪೆಲ್‌ವೀಸರ್‌ಗೆ ಶೂಬರ್ಟ್ ಬರೆದ ಕಾಗದ ಪ್ರಸಿದ್ಧವಾದದ್ದು. ಲೋಕದಲ್ಲಿ ತನ್ನಷ್ಟು ದುಃಖಿ ಇಲ್ಲ, ಆರೋಗ್ಯ ಮತ್ತೆ ಸರಿಹೋಗುವುದೇ ಇಲ್ಲ ಎಂದು ಶುರುವಾಗುವ ಆ ಕಾಗದ ಕೆಳಗೆ ಬರುವಷ್ಟರಲ್ಲಿ ಕೆಲಸದ ವರದಿಯಾಗುತ್ತದೆ: ಎರಡು ಕ್ವಾರ್ಟೆಟ್ ಮುಗಿಸಿದ್ದೇನೆ, ಒಂದು ಆಕ್ಟೆಟ್ ಬರೆದಿದ್ದೇನೆ, ಹೀಗೆ ದೊಡ್ಡ ಸಿಂಫನಿಯ ಕಡೆಗೆ ದಾರಿ ಮಾಡಿಕೊಳ್ಳುತ್ತಿದ್ದೇನೆ. ಬೀಥೋವನ್ ತನ್ನ ಹೊಸ ಸಿಂಫನಿಯ ಕಛೇರಿ ಕೊಡಲಿದ್ದಾನಂತೆ, ದೇವರು ಮನಸ್ಸು ಮಾಡಿದರೆ ಮುಂದಿನ ವರ್ಷ ನಾನೂ ಅಂಥದೊಂದು ಕೊಡಬೇಕು ಎಂದೂ ಸೇರಿಸುತ್ತಾನೆ.

ಟ್ರೋಯರ್ ಇಟ್ಟದ್ದು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಿಗಿಯಾದ ರಿಕ್ವೈರ್‌ಮೆಂಟು. ಶೂಬರ್ಟ್ ಅದನ್ನು ಹೆಚ್ಚುಕಡಿಮೆ ಅಕ್ಷರಶಃ ಪಾಲಿಸಿದ. ಅದೇ ಏಳು ವಾದ್ಯಗಳು, ಜೊತೆಗೆ ಎರಡನೆಯ ಪಿಟೀಲೊಂದು. ಅದೇ ಆರು ಭಾಗಗಳು. ಸ್ಕೆರ್ಜೊ ಮತ್ತು ಮಿನುಯೆಟ್‌ಗಳ ಜಾಗ ಅದಲುಬದಲು, ಅಷ್ಟೇ. ಮೊದಲ ಭಾಗಕ್ಕೂ ಕೊನೆಯ ಭಾಗಕ್ಕೂ ನಿಧಾನದ ಪೀಠಿಕೆ ಅಲ್ಲಿತ್ತು, ಇಲ್ಲೂ ಇದೆ. ಎರಡನೆಯ ಭಾಗವನ್ನು ಕ್ಲಾರಿನೆಟ್ ಶುರುಮಾಡುತ್ತದೆ, ಅಲ್ಲಿಯ ಹಾಗೆಯೇ. ನಾಲ್ಕನೆಯದು ವೇರಿಯೇಷನ್, ಅಲ್ಲಿಯ ಹಾಗೆಯೇ. ಬೀಥೋವನ್ ಮಿನುಯೆಟ್‌ಗೆ ತನ್ನದೇ ಒಂದು ಹಳೆಯ ಪಿಯಾನೊ ಸೊನಾಟಾದ ಧಾಟಿಯನ್ನು ಎತ್ತಿಕೊಂಡಿದ್ದ. ಶೂಬರ್ಟ್ ವೇರಿಯೇಷನ್‌ಗೆ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಬರೆದ ಸಂಗೀತ ನಾಟಕವೊಂದರ ಹಾಡನ್ನು ಎತ್ತಿಕೊಂಡ. ಗಿರಾಕಿ ಒಂದೊಂದಾಗಿ ಟಿಕ್ ಹಾಕಿಕೊಂಡು ಬಂದರೂ ತಕರಾರು ತೆಗೆಯುವ ಹಾಗಿಲ್ಲ.

ಕೇಳಿದರೆ ಎರಡೂ ಎಷ್ಟು ದೂರ! ಸೆಪ್ಟೆಟ್ ಕೊನೆಗೂ ಪಿಟೀಲಿನ ಯಜಮಾನಿಕೆಯ ಮನೆ. ಆಕ್ಟೆಟ್‌ನಲ್ಲಿ ಯಾರು ಯಾವಾಗ ಮಾತು ಎತ್ತಿಕೊಳ್ಳುತ್ತಾರೆ ಹೇಳಲಾಗದು. ಮೊದಲ ಭಾಗದ ಗದ್ದಲವೆಲ್ಲ ಅಡಗಿ, ಇನ್ನೇನು ಮುಗಿಯಿತು ಎನ್ನುವಾಗ ಹಾರ್ನ್ ಒಂದೇ ಎದ್ದು ದೂರದ ಗುಡ್ಡದ ಆಚೆಯಿಂದ ಎಂಬಂತೆ ಕೂಗುತ್ತದೆ. ಒಮ್ಮೆ ಮುಂಬೈಯಲ್ಲಿ ಇದನ್ನು ಎದುರಿಗೇ ಕೂತು ಕೇಳಿದೆ. ಧ್ವನಿಮುದ್ರಣದಲ್ಲಿ ಗೊತ್ತಾಗದ ಒಂದು ಸಂಗತಿ ಅಲ್ಲಿ ಕಂಡಿತು: ತಂತಿಯವರೂ ಗಾಳಿಯವರ ಜೊತೆಗೇ ಉಸಿರೆಳೆಯುತ್ತಾರೆ. ಪಿಟೀಲಿಗೆ ಉಸಿರಿನ ಹಂಗಿಲ್ಲ, ಕಮಾನು ಇರುವಷ್ಟು ಹೊತ್ತೂ ಎಳೆಯಬಹುದು. ಆದರೆ ಕ್ಲಾರಿನೆಟ್ ಹಾಡಿದ ಸಾಲನ್ನು ಪಿಟೀಲು ಎತ್ತಿಕೊಳ್ಳಬೇಕಾದರೆ ಅದು ಎಲ್ಲಿ ಉಸಿರು ಬಿಟ್ಟಿತೋ ಅಲ್ಲೇ ಇದೂ ಕಮಾನನ್ನು ತುಸು ಎತ್ತಬೇಕು. ಆ ಎರಡನೆಯ ಭಾಗದಲ್ಲಿ ಎಂಟು ಭುಜಗಳು ಒಟ್ಟಿಗೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಿದ್ದೆ.

ಕೊನೆಯ ಭಾಗದ ಪೀಠಿಕೆ ಬೇರೆಯೇ ವಿಷಯ. ಬೀಥೋವನ್‌ನ ಶೋಕದ ನಡಿಗೆಯನ್ನು ನೆನಪಿಸಿಕೊಳ್ಳಿ, ಅದು ಮುಂದಿನ ಓಟಕ್ಕೆ ರುಚಿ ಹತ್ತಿಸಲು ಹಾಕಿದ ಒಗ್ಗರಣೆ. ಶೂಬರ್ಟ್ ಅದೇ ಜಾಗದಲ್ಲಿ ಚೆಲ್ಲೊ ಮತ್ತು ಡಬಲ್ ಬಾಸ್‌ಗಳನ್ನು ತೀರ ಕೆಳಗೆ ನಡುಗಿಸುತ್ತಾನೆ. ಭೂಮಿ ಅದುರಿದ ಹಾಗೆ ಸದ್ದು ಏರಿ ಇಳಿಯುತ್ತದೆ, ಮೇಲಿನ ವಾದ್ಯಗಳು ಬೆಚ್ಚಿ ತುಂಡು ತುಂಡಾಗಿ ಉತ್ತರಿಸುತ್ತವೆ. ಐದು ಭಾಗಗಳ ಉದ್ದಕ್ಕೂ ಊಟದ ಕೂಟಕ್ಕೆ ಸಲ್ಲುವ ಸಂಗೀತವನ್ನೇ ಕೇಳಿದ್ದೇವೆ, ಇದ್ದಕ್ಕಿದ್ದಂತೆ ಕೋಣೆಯ ದೀಪ ಸಣ್ಣದಾಗುತ್ತದೆ. ಆಮೇಲೆ ಉಲ್ಲಾಸದ ಓಟ ಬರುತ್ತದೆ, ಒಪ್ಪಂದದ ಪ್ರಕಾರ ಬರಲೇಬೇಕಲ್ಲ. ನಾವೂ ಸಮಾಧಾನ ಮಾಡಿಕೊಳ್ಳುತ್ತೇವೆ. ಮುಗಿಯಲು ಸ್ವಲ್ಪ ಮುಂಚೆ ಆ ನಡುಕ ಮತ್ತೆ ಬರುತ್ತದೆ. ಸೆಪ್ಟೆಟ್‌ನ ಶೋಕ ಹೀಗೆ ತಿರುಗಿ ಬಂದಿರಲಿಲ್ಲ. ಮಾದರಿಯಲ್ಲಿ ಇಲ್ಲದ್ದು ಎಂದು ನಾನು ಬೆರಳಿಟ್ಟು ತೋರಿಸಬಲ್ಲ ಜಾಗ ಇದು. ವಿಗ್ ಹಾಕಿಕೊಂಡು ಕೂತು ಬರೆಯುತ್ತಿದ್ದ ಆ ಹುಡುಗ ಅಲ್ಲಿದ್ದಾನೆ ಅನ್ನಿಸುತ್ತದೆ. ಸಂಗೀತದೊಳಗೆ ಜೀವನಚರಿತ್ರೆ ಹುಡುಕಬಾರದು ಎಂದು ತಿಳಿದವರು ಹೇಳುತ್ತಾರೆ. ಇರಲಿ.

ಆ ವಸಂತದಲ್ಲಿ ಖಾಸಗಿ ಕೂಟದಲ್ಲಿ ಆಕ್ಟೆಟ್ ಮೊದಲ ಬಾರಿಗೆ ನುಡಿಯಿತು. ಕ್ಲಾರಿನೆಟ್ ಟ್ರೋಯರ್‌ನದೇ. ಪಿಟೀಲು? ಶುಪ್ಪಾನ್‌ಸಿಗ್‌ನದು. 1814ರ ಕೊನೆಯ ದಿನ ಆಶ್ರಯದಾತ ರಾಜುಮೊವ್‌ಸ್ಕಿಯ ಅರಮನೆ ಸುಟ್ಟುಹೋದ ಮೇಲೆ ಅವನು ರಷ್ಯಾಕ್ಕೆ ಹೋಗಿ ಏಳು ವರ್ಷ ಅಲ್ಲಿದ್ದು 1823ರಲ್ಲಷ್ಟೇ ಮರಳಿದ್ದ. ಊರು ಬಿಟ್ಟು ಹೋಗಿ ಬಂದವನಿಗೆ ಊರಿನಲ್ಲಿ ಹೊಸ ತಲೆಮಾರು ಕಾದಿತ್ತು. ಅವನು ಶೂಬರ್ಟ್‌ನ ಎ ಮೈನರ್ ಕ್ವಾರ್ಟೆಟ್ಟನ್ನು 1824ರ ಮಾರ್ಚ್‌ನಲ್ಲಿ ಜನರ ಮುಂದಿಟ್ಟ, ಮೇ 7ರಂದು ಬೀಥೋವನ್‌ನ ಒಂಬತ್ತನೆಯ ಸಿಂಫನಿಗೆ ಪಿಟೀಲುಗಳ ಮುಂದಾಳಾಗಿ ಕೂತ. ಆಕ್ಟೆಟ್ ಸಾರ್ವಜನಿಕ ವೇದಿಕೆಗೆ ಬರಲು ಮಾತ್ರ ಇನ್ನೂ ಮೂರು ವರ್ಷ ಹಿಡಿಯಿತು. 1827ರ ಏಪ್ರಿಲ್ 16ರಂದು, ಬೀಥೋವನ್ ತೀರಿಕೊಂಡು ಮೂರೇ ವಾರಗಳಾಗಿದ್ದಾಗ, ಶುಪ್ಪಾನ್‌ಸಿಗ್ ತನ್ನ ಕಛೇರಿಯಲ್ಲಿ ಅದನ್ನು ನುಡಿಸಿದ. ಸೆಪ್ಟೆಟ್ಟನ್ನು ಮೊದಲ ಬಾರಿ ಜನರಿಗೆ ಕೇಳಿಸಿದ ಕೈಗಳೇ ಅವು. ಪತ್ರಿಕೆ ಮೆಚ್ಚಿತು, ತುಸು ಉದ್ದವಾಯಿತೇನೋ ಎಂದು ಗೊಣಗಿತು. ಸುಮಾರು ಒಂದು ಗಂಟೆ ಹಿಡಿಯುವ ಕೃತಿ, ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮರುವರ್ಷ ನವೆಂಬರ್ 19ರಂದು ಶೂಬರ್ಟ್ ತೀರಿಕೊಂಡ, ಮೂವತ್ತೊಂದನೆಯ ವಯಸ್ಸಿಗೆ. ಶುಪ್ಪಾನ್‌ಸಿಗ್ 1830ರಲ್ಲಿ ಹೋದ. ಆಕ್ಟೆಟ್‌ನ ಹಸ್ತಪ್ರತಿ ಉಳಿದ ಎಷ್ಟೋ ಕೃತಿಗಳ ಹಾಗೆ ಅಚ್ಚಾಗದೆ ಬಿದ್ದಿತ್ತು. 1853ರಲ್ಲಿ ವಿಯೆನ್ನಾದ ಪ್ರಕಾಶಕನೊಬ್ಬ ಅದನ್ನು ಹೊರತಂದ, ನಾಲ್ಕನೆಯ ಮತ್ತು ಐದನೆಯ ಭಾಗಗಳನ್ನು ಬಿಟ್ಟು. ಆರು ಭಾಗಗಳೂ ಒಟ್ಟಿಗೆ ಅಚ್ಚಾದದ್ದು 1875ರಲ್ಲಿ.